ಮಧ್ಯಾಹ್ನ ಮಲಗದ ಮಕ್ಕಳು

18 ನವೆಂಬರ್ 2024, ಸೋಮವಾರ

ಕೇಂದ್ರವನ್ನು ಸಹಾಯಕಿ ಪುಟ್ಟಗಂಗಮ್ಮನಿಗೆ ಬಿಟ್ಟು ತಿಪಟೂರಿಗೆ ತರಬೇತಿಗೆ ಹೋಗಿ ಬಂದೆ. ಬೋರ್ಡಿನ ಮೇಲೆ ದೊಡ್ಡದಾಗಿ ‘ಕ್ರಿಯಾ ಸಂಶೋಧನೆ’ ಎಂದು ಬರೆದಿದ್ದರು. ಅದನ್ನು ಓದಿ ಅಂಗನವಾಡಿ ಟೀಚರುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ಹಾಲ್ಕುರಿಕೆಯ ಅಂಕಮ್ಮ ಎದ್ದು ನಿಂತು, “ಮೇಡಂ, ರಾಕೆಟ್ ಬುಡ್ಬೇಕಾ ನಾವು?” ಎಂದು ಕೇಳಿದಳು.

ಮೇಲ್ವಿಚಾರಕಿ ರಹಮತುನ್ನೀಸಾ ಮೇಡಂ ನಕ್ಕು ಬಿಡಿಸಿ ಹೇಳಿದರು. ನಮ್ಮ ಕೆಲಸದಲ್ಲಿ ಸರಿಹೋಗದ ಒಂದು ವಿಷಯವನ್ನು ನಾವೇ ಆರಿಸಿಕೊಳ್ಳಬೇಕು. ಒಂದೇ ಒಂದು ಬದಲಾವಣೆ ಮಾಡಿ ನೋಡಬೇಕು. ಏನಾಯಿತು ಎಂದು ಬರೆಯಬೇಕು. ಆಗಲಿಲ್ಲವೆಂದರೆ ಯೋಚಿಸಿ ಇನ್ನೊಂದು ಬದಲಾವಣೆ ಮಾಡಬೇಕು. ಅನಿಸಿದ್ದನ್ನು ಬರೆಯಬಾರದು, ಕಂಡದ್ದನ್ನು ಬರೆಯಬೇಕು. “ಮಕ್ಕಳನ್ನಷ್ಟೇ ಅಲ್ಲ, ನಿಮ್ಮನ್ನೂ ನೋಡ್ಕೊಳ್ಳಿ. ಆ ರೂಮಲ್ಲಿ ನೀವೂ ಇರ್ತೀರಿ ಕಣ್ರೀ,” ಎಂದರು.

ಒಬ್ಬೊಬ್ಬರೂ ತಮ್ಮ ಸಮಸ್ಯೆ ಹೇಳಿದರು. ತಾಯಂದಿರು ಸಭೆಗೆ ಬರುವುದಿಲ್ಲ, ಮಕ್ಕಳು ಸೊಪ್ಪು ತಿನ್ನುವುದಿಲ್ಲ, ಹೀಗೆ. ನನ್ನ ಸರದಿ ಬಂದಾಗ ಮಧ್ಯಾಹ್ನ ಮಕ್ಕಳು ಮಲಗುವುದಿಲ್ಲ ಎಂದೆ. ನಮ್ಮವು ಏಳೋದೇ ಇಲ್ಲ, ಬದಲಾಯಿಸ್ಕೊಳ್ಳೋಣ ಬಾ ಎಂದು ಯಾರೋ ಹಿಂದಿನಿಂದ ಅಂದರು. ಮೇಡಂ ನಗಲಿಲ್ಲ.

ಟೀ ಹೊತ್ತಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. ನಮ್ಮೂರಿನವರು ಮಕ್ಕಳನ್ನು ಕೇಂದ್ರಕ್ಕೆ ಕಳಿಸುವುದನ್ನು ಬಿಡುತ್ತಿದ್ದಾರಂತೆ. ಹೀಗೇ ಆದರೆ ನಮ್ಮ ಕೇಂದ್ರವನ್ನು ಮುಚ್ಚಿ ರಸ್ತೆಯಾಚೆಯ ಊರಿನದಕ್ಕೆ ಸೇರಿಸುತ್ತಾರೆ ಎಂದು ಮೆಲ್ಲಗೆ ಹೇಳಿದರು. ಬೇಸಿಗೆಯೊಳಗೆ ತೀರ್ಮಾನ ಆಗುತ್ತದಂತೆ. ಮಕ್ಕಳು ಮನೆಗೆ ಹೋಗಿ ಏನೋ ಹೇಳುತ್ತಾರಂತೆ. ಏನು ಎಂದು ಕೇಳಿದೆ. ಮೇಡಂ ನನ್ನ ಕೈ ಹಿಡಿದು, ಊಟ ಮಾಡ್ತಾ ಇದೀರಾ ಎಂದು ಕೇಳಿದರು. ಅದು ನನ್ನ ಪ್ರಶ್ನೆಗೆ ಉತ್ತರವಲ್ಲ.

ಆ ಕೋಣೆ ಬಿಟ್ಟು ನಾನು ಎಲ್ಲಿಗೆ ಹೋಗಲಿ. ನನ್ನ ಪಾಪು ಈ ಶ್ರಾವಣದಲ್ಲಿ ಜ್ವರ ಬಂದು ನಮ್ಮನ್ನು ಬಿಟ್ಟು ಹೋಗುವವರೆಗೂ ದಿನಾ ನನ್ನ ಜೊತೆ ಅಲ್ಲಿಗೇ ಬರುತ್ತಿದ್ದಳು. ಮಧ್ಯಾಹ್ನ ಅಲ್ಲೇ ಮಲಗುತ್ತಿದ್ದಳು.

ವೀಕ್ಷಣೆ ಬರೆಯಲು ಮೇಡಂ ಒಂದು ಪುಸ್ತಕ ಕೊಟ್ಟಿದ್ದಾರೆ. ಈ ಡೈರಿ ಬೇರೆ. ಇದು ನನಗೆ.

20 ನವೆಂಬರ್, ಬುಧವಾರ

ಇವತ್ತು ಏನನ್ನೂ ಬದಲಾಯಿಸಲಿಲ್ಲ. ಸುಮ್ಮನೆ ನೋಡಿದೆ.

ನಮ್ಮ ಕೇಂದ್ರವಿರುವುದು ಸದಾಶಿವಯ್ಯನವರ ಹಳೇ ಮನೆಯ ಹೊರಕೋಣೆಯಲ್ಲಿ, ಬಾಡಿಗೆಗೆ. ತಲೆಯ ಮೇಲೆ ಅವರ ಕೊಬ್ಬರಿ ಅಟ್ಟ. ಊಟ ಮುಗಿದ ಮೇಲೆ ಪುಟ್ಟಗಂಗಮ್ಮ ಪಾತ್ರೆಗೆ ಹೋಗುತ್ತಾಳೆ, ನಾನು ಚಾಪೆ ಹಾಸುತ್ತೇನೆ. ಮಕ್ಕಳು ಗೋಡೆಯಿಂದ ಬಾಗಿಲವರೆಗೆ ಸಾಲಾಗಿ ಮಲಗುತ್ತಾರೆ. ನಾನು ಎಲ್ಲರನ್ನೂ ತಟ್ಟಿ ಬಂದು ಬಾಗಿಲ ಹತ್ತಿರ ಕೂರುತ್ತೇನೆ.

ನಿದ್ದೆ ಬಾರದ ಮಕ್ಕಳು ಗಲಾಟೆ ಮಾಡಬೇಕು. ಕಾಲು ಒದೆಯಬೇಕು, ಪಕ್ಕದವರನ್ನು ಚಿವುಟಬೇಕು, ಒಂದಕ್ಕೆ ಎಂದು ಎರಡು ಸಲ ಏಳಬೇಕು. ಇವರು ಏನೂ ಮಾಡುವುದಿಲ್ಲ. ಕಣ್ಣು ಬಿಟ್ಟುಕೊಂಡು ಮಲಗಿರುತ್ತಾರೆ. ಎಲ್ಲರ ಮುಖವೂ ಗೋಡೆ ಕಡೆ. ಉಸಿರಾಡುವುದೂ ಕೇಳಿಸದ ಹಾಗೆ. ನಾನು ಎದ್ದು ನಿಂತರೂ ನನ್ನ ಕಡೆ ತಿರುಗಲಿಲ್ಲ.

ಅಟ್ಟದ ಮೇಲೆ ಏನೋ ಉರುಳಿತು. ಇಲಿ ಓಡಿದರೆ ಕಾಯಿ ಉರುಳುತ್ತದೆ. ಒಣಗಿದ ಕಾಯಿಯೊಳಗೆ ಕೊಬ್ಬರಿ ಗಿಟುಕು ಅಲ್ಲಾಡಿ ಲೊಟಲೊಟ ಅನ್ನುತ್ತದೆ. ಗೊತ್ತಿದ್ದರೂ ತಲೆ ಎತ್ತಿ ನೋಡಿದೆ.

ಪುಸ್ತಕದಲ್ಲಿ ಬರೆದೆ: ಅಟ್ಟದ ಸದ್ದಿನಿಂದ ಮಕ್ಕಳು ಮಲಗುತ್ತಿಲ್ಲ.

ರಾತ್ರಿ ಊಟ ಸೇರಲಿಲ್ಲ. ರವಿ ಗಾಡಿ ನಿಲ್ಲಿಸಿ ಬಂದು ಉಂಡು ಮಲಗಿದರು. ಗಂಡ ಹೆಂಡತಿ ನಡುವೆ ಮಾತಿಲ್ಲ. ಜಗಳವೂ ಇಲ್ಲ.

25 ನವೆಂಬರ್, ಸೋಮವಾರ

ಅಟ್ಟದ ಕಾಯಿ ಇಳಿಸಿಕೊಡಿ ಎಂದು ಸದಾಶಿವಯ್ಯನವರನ್ನು ಕೇಳಲು ಹೋದೆ. ನಾನು ಒಬ್ಬಳೇ ಹೋಗಿದ್ದರೆ ಬಾಗಿಲಲ್ಲಿ ನಿಂತು ವಾಪಸ್ ಬರುತ್ತಿದ್ದೆನೇನೋ. ಪುಟ್ಟಗಂಗಮ್ಮನೂ ಬಂದಳು. ವಯಸ್ಸಾದವಳು, ಬಾಯಿ ಗಟ್ಟಿ, ಊರಲ್ಲಿ ಯಾರಿಗೂ ಹೆದರುವುದಿಲ್ಲ.

ಅವರು ಜಗಲಿ ಮೇಲೆ ಕೂತು ಕಾಯಿ ಇನ್ನೂ ಒಣಗಬೇಕು ಎಂದರು. ಒಳಗೆ ನೀರು ಹಿಂಗಿ ಕೊಬ್ಬರಿ ಚಿಪ್ಪು ಬಿಡಲು ಹತ್ತಿರ ಹತ್ತಿರ ವರ್ಷ ಬೇಕಮ್ಮ, ಅವಸರ ಮಾಡಿದರೆ ಒಳಗೇ ಕೊಳೆಯುತ್ತದೆ, ಅಲುಗಿಸದೆ ಬಿಡಬೇಕು ಎಂದು ನನಗೇನೂ ಗೊತ್ತೇ ಇಲ್ಲವೇನೋ ಎಂಬಂತೆ ವಿವರಿಸಿದರು.

“ಸರಿ ಬುಡಿ ಸ್ವಾಮಿ. ನಿಮ್ಮ ಕಾಯಿ ಮಲಗಿರ್ಲಿ, ಊರ ಮಕ್ಕಳು ಎದ್ದಿರ್ಲಿ,” ಎಂದಳು ಪುಟ್ಟಗಂಗಮ್ಮ.

ಅವರಿಗೆ ನಗು ಬಂತು. ಕೋಣೆಯ ಮೇಲಿರುವುದು ಹಳೇ ಕಾಯಿ, ಅದನ್ನು ಈ ವಾರ ಇಳಿಸುತ್ತೇನೆ, ಉಳಿದದ್ದನ್ನು ಹಿಂದಿನ ಅಟ್ಟಕ್ಕೆ ಹಾಕಿಸುತ್ತೇನೆ ಎಂದು ಒಪ್ಪಿದರು. ನಾವು ಎದ್ದಾಗ ನನಗೆ ಮಾತ್ರ ಕೇಳುವಂತೆ ಕೇಳಿದರು: “ಅಮ್ಮಯ್ಯ, ಮಕ್ಕಳು ಮಲಗದೆ ಇರೋದಕ್ಕೆ ಕಾಯೇ ಕಾರಣ ಅಂತ ನಿಂಗೆ ಖಾತ್ರಿನಾ?”

ನಾನು ಹೌದು ಎಂದೆ. ಅವರು ನನ್ನನ್ನು ನೋಡಿದ ರೀತಿ ಹಿಡಿಸಲಿಲ್ಲ.

3 ಡಿಸೆಂಬರ್, ಮಂಗಳವಾರ

ಅಟ್ಟ ಖಾಲಿಯಾಗಿ ದಿನಗಳಾದವು. ಮೊದಲ ಬದಲಾವಣೆಯ ಫಲಿತಾಂಶ: ಇಲ್ಲ.

ಸದ್ದು ಹೋಗಿದೆ. ಮಕ್ಕಳು ಮೊದಲಿನ ಹಾಗೇ ಕಣ್ಣು ಬಿಟ್ಟುಕೊಂಡು ಮಲಗಿದ್ದಾರೆ. ನಮ್ಮ ಕೇಂದ್ರದಲ್ಲಿ ಹೆಚ್ಚು ಮಾತಾಡುವವನು ಆತಿಫ್. ಅವರಪ್ಪನಿಗೆ ಬಸ್‌ಸ್ಟಾಪಿನ ಹತ್ತಿರ ಪಂಚರ್ ಅಂಗಡಿ ಇದೆ. ಅವನನ್ನು ಕೇಳಿದೆ, ಈಗ ಕಾಯಿ ಉರುಳುವ ಸದ್ದು ಇಲ್ಲವಲ್ಲ, ಮಲಗಬಾರದೇನೋ ಎಂದು.

“ಕಾಯಿ ಸದ್ದಿಗೆ ಎದ್ದಿರ್ಲಿಲ್ಲ ಟೀಚರ್,” ಎಂದ.

ಮತ್ತೆ ಯಾವುದಕ್ಕೆ ಎಂದರೆ ಪಕ್ಕದಲ್ಲಿದ್ದ ಹುಡುಗ ತೋಂಟದಾರ್ಯನ ಮುಖ ನೋಡಿದ. ತೋಂಟದಾರ್ಯ ಅವನ ಬಾಯಿಗೆ ಕೈ ಅಡ್ಡ ಹಿಡಿದ. ಆಟಕ್ಕೆ ಹಿಡಿದ ಹಾಗಿರಲಿಲ್ಲ, ದೊಡ್ಡವರು ಹಿಡಿಯುವ ಹಾಗಿತ್ತು.

ಇನ್ನೊಂದು ವಿಷಯ. ಇದನ್ನು ಮೇಡಂ ಪುಸ್ತಕದಲ್ಲಿ ಬರೆದಿಲ್ಲ. ಅಟ್ಟ ಸುಮ್ಮನಾದ ಮೇಲೆ ಕೋಣೆಯಲ್ಲಿ ಬೇರೆ ಸದ್ದು ಕೇಳಿಸುತ್ತಿದೆ. ಮೆತ್ತಗೆ, ಒಂದೇ ಸಮನೆ, ತಟ್ ತಟ್ ಎಂದು. ಮಗುವನ್ನು ಯಾರೋ ತಟ್ಟಿ ಮಲಗಿಸುತ್ತಿರುವ ಹಾಗೆ. ಮಕ್ಕಳ ಕೈಗಳನ್ನು ನೋಡಿದೆ. ಯಾರ ಕೈಯೂ ಅಲುಗುತ್ತಿರಲಿಲ್ಲ. ಪುಟ್ಟಗಂಗಮ್ಮ ಹೊರಗೆ ನಲ್ಲಿಯ ಹತ್ತಿರ ಇದ್ದಳು. ನಾನು ಬಾಗಿಲ ಹತ್ತಿರ ಕೂತಿದ್ದೆ. ಎಲ್ಲಿಂದ ಎಂದು ಹುಡುಕಲು ಎದ್ದೆ, ನಿಂತುಹೋಯಿತು.

9 ಡಿಸೆಂಬರ್, ಸೋಮವಾರ

ಎರಡನೇ ಬದಲಾವಣೆ. ಎಲ್ಲರೂ ಗೋಡೆ ಕಡೆಯೇ ನೋಡುತ್ತಾರೆಂದು ಚಾಪೆಗಳ ದಿಕ್ಕು ತಿರುಗಿಸಿದೆ. ಈಗ ತಲೆ ಕಿಟಕಿಗೆ, ಕಾಲು ಅಡುಗೆಕೋಣೆಗೆ.

ಆಗ ಒಂದು ವಿಷಯ ಗಮನಕ್ಕೆ ಬಂತು. ಸಾಲಿನ ಕೊನೆಯಲ್ಲಿ, ತೋಂಟದಾರ್ಯನಿಗೂ ಗೋಡೆಗೂ ನಡುವೆ ಒಂದು ಮಗು ಮಲಗುವಷ್ಟು ಜಾಗ ಖಾಲಿ ಇರುತ್ತದೆ. ದಿಕ್ಕು ತಿರುಗಿಸಿದ ಮೇಲೂ ಇತ್ತು. ಎಲ್ಲರೂ ಒತ್ತಾಗಿ ಮಲಗಿದ್ದಾರೆ, ಕೈಕಾಲು ಒಬ್ಬರ ಮೇಲೊಬ್ಬರದು, ಆ ಜಾಗಕ್ಕೆ ಮಾತ್ರ ಒಂದು ಬೆರಳೂ ಚಾಚಿಲ್ಲ. ಚಾಪೆ ಹಾಸುವಾಗ ನಾನು ಹಾಗೆ ಬಿಟ್ಟಿರಲಿಲ್ಲ.

ಇವತ್ತು ಆತಿಫನ ತಂಗಿ ಸುಮಯ್ಯ ಹೊಸದಾಗಿ ಸೇರಿದಳು. ಅವಳಿಗೆ ಏನೂ ಗೊತ್ತಿಲ್ಲ. ಊಟ ಆದದ್ದೇ ನೇರ ಹೋಗಿ ಆ ಖಾಲಿ ಜಾಗದಲ್ಲಿ ಉರುಳಿಕೊಂಡಳು. ಮಕ್ಕಳೆಲ್ಲ ಎದ್ದು ಕೂತರು. ಯಾರೂ ಕೂಗಲಿಲ್ಲ. ತೋಂಟದಾರ್ಯ ಅವಳ ಒಂದು ಕೈ, ಆತಿಫ್ ಇನ್ನೊಂದು ಕೈ ಹಿಡಿದು ನೋವಾಗದ ಹಾಗೆ ಮೆಲ್ಲಗೆ ಈಚೆ ಎಳೆದರು.

“ಅಲ್ಲಿ ಜಾಗ ಇಲ್ಲ,” ಎಂದ ತೋಂಟದಾರ್ಯ.

ಖಾಲಿ ಜಾಗವನ್ನೇ ನೋಡಿಕೊಂಡು ಹೇಳಿದ. ಉಳಿದವರು ತಲೆಯಾಡಿಸಿ ಮತ್ತೆ ಮಲಗಿದರು. ಕಣ್ಣು ಬಿಟ್ಟುಕೊಂಡೇ.

12 ಡಿಸೆಂಬರ್, ಗುರುವಾರ

ಇನ್ನಿಬ್ಬರು ಬರುತ್ತಿಲ್ಲ. ಒಬ್ಬಳ ಮನೆಗೆ ಹೋಗಿ ವಿಚಾರಿಸಿದೆ. ಅವಳ ತಾಯಿ ಒಳಗೆ ಕರೆದು ಕೂರಿಸಿದಳು, ಕಾಫಿ ಕೊಟ್ಟಳು, ಮಗುವಿಗೆ ನೆಗಡಿ ಎಂದಳು. ಮಗು ಅಂಗಳದಲ್ಲಿ ಚೆನ್ನಾಗಿ ಓಡಾಡಿಕೊಂಡಿತ್ತು. ನನ್ನನ್ನು ಕಳಿಸಿದ ಮೇಲೆ ಅವಳು ಬಾಗಿಲಿಗೆ ನೀರು ಚಿಮುಕಿಸಿದ್ದು ಕಂಡಿತು.

ಮೇಡಂಗೆ ಫೋನ್ ಮಾಡಿ ಎರಡೂ ಬದಲಾವಣೆ ಕೆಲಸ ಮಾಡಲಿಲ್ಲ ಎಂದೆ. ಬೈಯಲಿಲ್ಲ. ನಾವೇ ಮಾಡುವುದು ನಮಗೇ ಕಾಣುವುದಿಲ್ಲ, ಒಬ್ಬ ಗೆಳತಿಯನ್ನು ಕೂರಿಸಿ ನೋಡಿಸಿ, ಅದೂ ಈ ಸಂಶೋಧನೆಯಲ್ಲಿ ಒಂದು ಹೆಜ್ಜೆ ಎಂದರು. ಅಂಕಮ್ಮನನ್ನು ಕಳಿಸುತ್ತಾರಂತೆ.

17 ಡಿಸೆಂಬರ್, ಮಂಗಳವಾರ

ಅಂಕಮ್ಮ ಬೆಳಗಿನ ಬಸ್ಸಿಗೆ ಬಂದಳು. ಬಂದವಳೇ ಪುಟ್ಟಗಂಗಮ್ಮನ ಸಾಂಬಾರಿಗೆ ಹೆಸರಿಟ್ಟಳು, ಮಕ್ಕಳಿಗೆ ಕೋತಿ ಆಟ ಆಡಿಸಿದಳು. ಈ ಕೋಣೆಯಲ್ಲಿ ಅಷ್ಟು ನಗು ಕೇಳಿ ತಿಂಗಳುಗಳಾಗಿದ್ದವು. ಊಟದ ಮೇಲೆ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತು, ನಾನು ಇಲ್ಲ ಅಂದ್ಕೊಂಡು ನಿನ್ ಕೆಲಸ ನೀನು ಮಾಡು ಎಂದಳು. ಮಾಡಿದೆ. ಚಾಪೆ ಹಾಸಿದೆ, ಎಲ್ಲರನ್ನೂ ತಟ್ಟಿದೆ, ಬಾಗಿಲ ಹತ್ತಿರ ಬಂದು ಕೂತೆ.

ಮಕ್ಕಳು ಮನೆಗೆ ಹೋದರು. ಏನು ಕಂಡೆ ಎಂದು ಕೇಳಿದೆ. ಬರೆದುಕೊಂಡದ್ದನ್ನು ಓದಬಹುದಿತ್ತು. ಪುಸ್ತಕ ಮುಚ್ಚಿಟ್ಟು ಹೇಳಿದಳು.

“ಶಾಂತಾ, ಬೇಜಾರು ಮಾಡ್ಕೋಬೇಡ ಕಣೆ. ನೀನು ಬಾಗಿಲ ಹತ್ರ ಕೂರ್ಲೇ ಇಲ್ಲ.”

ಅರ್ಥವಾಗಲಿಲ್ಲ.

“ಎಲ್ಲಾ ಮಕ್ಕಳಿಗೂ ಒಂದೆರಡು ಸಲ ತಟ್ಟಿ ಮುಂದಕ್ಕೆ ಹೋದೆ. ಆಮೇಲೆ ಆ ಗೋಡೆ ಪಕ್ಕ ಕೂತ್ಕೊಂಡೆ. ತೋಂಟ ಉಳ್ಳಾಡಿ ಆ ಕಡೆ ಬಂದ. ನೀನೇ ಕೈ ಹಾಕಿ ಅವನ್ನ ಈಚೆಗೆ ಸರ್ಸಿದೆ. ಸರ್ಸಿ ಖಾಲಿ ಚಾಪೆ ತಟ್ಟೋಕೆ ಶುರು ಮಾಡ್ದೆ. ನಾನು ಎದ್ದೋಗಿ ನೀರು ಕುಡ್ಕೊಂಡ್ ಬಂದೆ. ಇನ್ನೂ ತಟ್ತಾನೇ ಇದ್ದೆ. ಮಕ್ಕಳು ಗೋಡೆ ನೋಡ್ತಾ ಇಲ್ಲ ಕಣೆ. ನಿನ್ ಕೈ ನೋಡ್ತಾ ಇದಾವೆ.”

ನಾನು ಸುಳ್ಳು ಎಂದೆ. ಅವಳು ನನ್ನ ಬಲಗೈ ಹಿಡಿದು ತಿರುಗಿಸಿ ಅಂಗೈ ತೋರಿಸಿದಳು. ಅಂಗೈ ತುಂಬ ಚಾಪೆಯ ಗೀರು ಮೂಡಿತ್ತು. ಕೆಂಪಗಿತ್ತು.

“ಮಧ್ಯದಲ್ಲಿ ಒಂದ್ಸಲ ಹೊದಿಕೆ ಎಳೆದು ಕಾಲು ಮುಚ್ಚಿದೆ,” ಎಂದಳು. “ಅಲ್ಲಿ ಹೊದಿಕೆ ಇರ್ಲಿಲ್ಲ.”

ನಾನು ಬಸ್ಸಿಗೆ ಹೊತ್ತಾಯಿತು ಹೋಗು ಎಂದೆ.

26 ಡಿಸೆಂಬರ್, ಗುರುವಾರ

ಕೇಂದ್ರಕ್ಕೆ ಹೋಗುತ್ತಿದ್ದೇನೆ. ಬರೆಯುವುದಕ್ಕೆ ಏನಿಲ್ಲ.

2 ಜನವರಿ 2025, ಗುರುವಾರ

ಪುಟ್ಟಗಂಗಮ್ಮ ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ, ನಾನು ಖಾಲಿ ಚಾಪೆ ತಟ್ಟುತ್ತೇನಂತೆ, ನಿಜವಾ ಎಂದು.

ಅವಳು ಮೊರದಿಂದ ತಲೆ ಎತ್ತಲಿಲ್ಲ. ನಾನು ಕೆಲಸಕ್ಕೆ ವಾಪಸ್ ಬಂದ ದಿನದಿಂದಲೂ ಅಂತೆ. ಮೊದಲ ದಿನ ಕಂಡಾಗ ಅಡುಗೆಕೋಣೆಗೆ ಹೋಗಿ ಅತ್ತಳಂತೆ. ಆಮೇಲೆ ನಾನು ಕೂರುವ ಹೊತ್ತಿಗೆ ಬೇಕೆಂದೇ ಪಾತ್ರೆ ಹಿಡಿದು ಹೊರಗೆ ಹೋಗುತ್ತಿದ್ದಳಂತೆ. ಚಾಪೆ ಗುಡಿಸುವಾಗ ಆ ಜಾಗ ಬಿಟ್ಟು ಗುಡಿಸುತ್ತಿದ್ದಳಂತೆ.

ಯಾಕೆ ಹೇಳಲಿಲ್ಲ ಎಂದೆ.

“ನಾನೆಂಗೆ ಹೇಳ್ಲಿ ಬುಡು. ತಾಯಿ ಕೈ ಅದು. ತಡೆಯೋಕೆ ನಾನ್ಯಾರು?”

ಮೊರ ಪಕ್ಕಕ್ಕಿಟ್ಟು, “ನೀನು ತಟ್ಟೋದು ಸುಮ್ನೆ ತಟ್ಟೋ ಹಂಗಿರಲ್ಲ ಕಣವ್ವ. ಮಗು ನಿದ್ದೆಗೆ ಜಾರಿದ್ಮೇಲೆ ಕೈ ಹಗುರ ಮಾಡ್ತೀಯಲ್ಲ, ಹಂಗೆ ಹಗುರ ಮಾಡ್ತೀಯ. ದಿನಾ ಒಂದೇ ಹೊತ್ತಿಗೆ,” ಎಂದಳು.

ಹಾಗಾದರೆ ಯಾವಾಗ ಹಗುರ ಮಾಡಬೇಕೆಂದು ನನ್ನ ಕೈಗೆ ಹೇಗೆ ಗೊತ್ತಾಗುತ್ತದೆ.

6 ಜನವರಿ, ಸೋಮವಾರ

ಮೂರನೇ ಬದಲಾವಣೆ. ಇದನ್ನು ಮೇಡಂ ಪುಸ್ತಕದಲ್ಲೂ ಹೀಗೇ ಬರೆದಿದ್ದೇನೆ: ಟೀಚರ್ ತಟ್ಟುವುದನ್ನು ನಿಲ್ಲಿಸುವುದು.

ಪುಟ್ಟಗಂಗಮ್ಮ ಮಕ್ಕಳನ್ನು ತಟ್ಟಲಿ, ನಾನು ದೂರ ಇರುತ್ತೇನೆ ಎಂದು ಮಾತಾಯಿತು. ನಾನು ಹೊಸ್ತಿಲಲ್ಲಿ ಕೂತೆ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೆ. ಹೊಸ್ತಿಲಲ್ಲೇ ಕೂತಿದ್ದೀನಾ ಎಂದು ಪುಟ್ಟಗಂಗಮ್ಮನನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಕರುವಿನ ಹಾಗೆ ಜಗ್ಗುತ್ತಿತ್ತು. ಬಿಡಲಿಲ್ಲ.

ಮಕ್ಕಳು ಕಾದರು. ಕಾಯುತ್ತಿದ್ದಾರೆ ಎಂದು ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ತೋಂಟದಾರ್ಯ ಎದ್ದು ಕೂತು, ನನ್ನ ಹಾಗೇ ಒಂದು ಮೊಣಕಾಲು ಮಡಿಚಿ, ಖಾಲಿ ಚಾಪೆ ತಟ್ಟಲು ಶುರು ಮಾಡಿದ. ಅವನ ಕೈ ಸೋತಾಗ ಆತಿಫ್. ಆತಿಫನದಾದ ಮೇಲೆ ಇನ್ನೊಬ್ಬಳು. ಸರದಿ ಯಾರೂ ಹೇಳಲಿಲ್ಲ. ಸುಮಯ್ಯ ಕೂಡ ತಟ್ಟಿದಳು. ಅವಳು ಸೇರಿದ್ದು ಮೊನ್ನೆ ಮೊನ್ನೆ. ಪಾಪುವನ್ನು ನೋಡಿಯೇ ಇಲ್ಲ.

ಹತ್ತಿರ ಹೋಗಿ ಯಾಕೆ ಹೀಗೆ ಮಾಡ್ತೀರಿ ಎಂದು ಕೇಳಿದೆ.

ಆತಿಫ್ ಪಿಸುಗುಟ್ಟಿದ. “ನೀವು ತಟ್ಟಲಿಲ್ಲ ಟೀಚರ್. ಸೌಮ್ಯ ಎದ್ದುಬಿಡ್ತಾಳೆ.”

ಶ್ರಾವಣದಿಂದೀಚೆಗೆ ನನ್ನ ಎದುರಿಗೆ ಯಾರೂ ಪಾಪುವಿನ ಹೆಸರು ಹೇಳಿರಲಿಲ್ಲ. ಊರಿನವರು ಹೇಳಿಲ್ಲ, ರವಿ ಹೇಳಿಲ್ಲ, ದಂಡಿನಶಿವರದಿಂದ ಬಂದ ಅಮ್ಮನೂ ಹೇಳಿಲ್ಲ. ಈ ಪುಸ್ತಕದಲ್ಲಿ ನಾನೂ ಬರೆದಿಲ್ಲ.

ಅವಳು ಮಲಗಿದ್ದಾಳಾ ಎಂದು ಕೇಳಿದೆ. ಕೇಳಬಾರದಿತ್ತು.

ತೋಂಟದಾರ್ಯ ಚಾಪೆ ನೋಡಿದ. “ನೀವು ಮಲಗಿಸ್ತೀರಲ್ಲ,” ಎಂದ. “ನೀವು ಎದ್ದೋದ್ಮೇಲೆ ನಾವು ಕಾಯ್ತೀವಿ. ಎದ್ರೆ ಅಳ್ತಾಳಲ್ಲ.”

ಇದೇ ಅವರು ಮನೆಗೆ ಹೋಗಿ ಹೇಳುತ್ತಿರುವುದು. ಇದಕ್ಕೇ ಅವರಿಗೆ ನಿದ್ದೆಯಿಲ್ಲ. ಮೂರು ನಾಲ್ಕು ವರ್ಷದ ಮಕ್ಕಳು ನನ್ನ ಮಗಳಿಗೆ ಪಹರೆ ಕೂತಿದ್ದಾರೆ.

10 ಜನವರಿ, ಶುಕ್ರವಾರ

ರವಿಗೆ ಹೇಳಿದೆ. ಬೆಳಿಗ್ಗೆ ಅವರು ಗಾಡಿಯ ಗಾಜು ಒರೆಸುತ್ತಿದ್ದರು. ಸಂತೆಗೆ ಕಾಯಿ ಸಾಗಿಸುವ ಗಾಡಿ ಅದು, ಮುಂದೆ ಇಬ್ಬರು ಕೂರಬಹುದು. ಕೇಂದ್ರದಲ್ಲಿ ನನ್ನ ಕೈ ಏನು ಮಾಡುತ್ತಿದೆ, ಮಕ್ಕಳು ಏನು ಮಾಡುತ್ತಿದ್ದಾರೆ ಎಂದು ಪೂರ್ತಿ ಹೇಳಿದೆ. ನನಗೆ ಬುದ್ಧಿ ಕೆಟ್ಟಿದೆ ಅನ್ನುತ್ತಾರೆ ಅಂದುಕೊಂಡಿದ್ದೆ.

ಒರೆಸುವುದನ್ನು ನಿಲ್ಲಿಸಲಿಲ್ಲ. “ನಾನು ಬ್ರೇಕ್ ಹಾಕ್ದಾಗ ಎಡಗೈ ಪಕ್ಕದ ಸೀಟಿಗೆ ಅಡ್ಡ ಹೋಗುತ್ತೆ,” ಎಂದರು. “ಅವಳು ಮುಂದಕ್ಕೆ ಬೀಳ್ದಂಗೆ. ಈಗ್ಲೂ.”

ಆಮೇಲೆ ಹೇಳಿದರು: “ಒಂದೊಂದ್ಸಲ ಕೈಗೆ ಭಾರ ತಗಲುತ್ತೆ ಶಾಂತಾ.”

ಹಸಿವಾಗಿತ್ತು, ಒಟ್ಟಿಗೆ ಕೂತು ರೊಟ್ಟಿ ತಿಂದೆವು.

ಮೂರನೇ ಬದಲಾವಣೆಯಿಂದ ತಿಳಿದದ್ದೇನು ಎಂದು ಪುಸ್ತಕದಲ್ಲಿ ಒಂದು ಅಂಕಣ ಇದೆ. ಅದರಲ್ಲಿ ಬರೆದೆ: ನಿಲ್ಲಿಸಿದರೆ ಆಗುವುದಿಲ್ಲ. ಮಕ್ಕಳಿಗೆ ಭಯವಿಲ್ಲ, ಜವಾಬ್ದಾರಿ ಇದೆ. ಅದನ್ನು ನಾನೇ ಕೊಟ್ಟಿದ್ದೇನೆ. ನಾನೇ ವಾಪಸ್ ತೆಗೆದುಕೊಳ್ಳಬೇಕು. ಹೇಗೆ ಎಂದು ಗೊತ್ತಿಲ್ಲ.

20 ಜನವರಿ, ಸೋಮವಾರ

ಇವತ್ತಿನದನ್ನು ಕಂಡ ಹಾಗೆ ಬರೆಯುತ್ತೇನೆ.

ಹಬ್ಬದ ರಜೆ ಕಳೆದು ಮಕ್ಕಳು ಬಂದಿದ್ದರು. ಊಟವಾಯಿತು. ಚಾಪೆ ಹಾಸಿದೆ. ನಾನೇ ಗೋಡೆಯ ಪಕ್ಕ ಜಾಗ ಬಿಟ್ಟು ಹಾಸುತ್ತಿರುವುದು ಇವತ್ತು ಕಂಡಿತು. ಹಾಗೇ ಬಿಟ್ಟೆ. ಯಾರನ್ನೂ ತಟ್ಟಲಿಲ್ಲ. ಹೋಗಿ ಆ ಜಾಗದಲ್ಲಿ ನಾನೇ ಮಲಗಿದೆ.

ಅದು ಮಗುವಿನ ಜಾಗ, ನನಗೆ ಸಾಲದು. ಮೊಣಕಾಲು ಮಡಚಿಕೊಂಡೆ. ಬೆನ್ನು ಗೋಡೆಗೆ, ಮುಖ ಮಕ್ಕಳ ಕಡೆಗೆ. ಅವರು ಎಳೆದು ಎಬ್ಬಿಸುತ್ತಾರೆಂದು ಕಾದೆ. ಜಾಗ ಇಲ್ಲ ಎಂದು ಯಾರೂ ಹೇಳಲಿಲ್ಲ. ತೋಂಟದಾರ್ಯ ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

ನನಗೆ ನಿದ್ದೆ ಬರುತ್ತಿದೆ ಕಣಪ್ಪ, ನೀವೆಲ್ಲ ಇಷ್ಟು ದಿನ ಕಾದಿದ್ದು ಸಾಕು, ಇನ್ನು ಸೌಮ್ಯಳನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿದೆ. ಹೇಳಬೇಕೆಂದು ಯೋಚಿಸಿಕೊಂಡು ಹೋಗಿರಲಿಲ್ಲ. ಹೇಳುತ್ತ ಹೇಳುತ್ತಲೇ ಕಣ್ಣು ಎಳೆಯಿತು. ಶ್ರಾವಣದಿಂದ ನಾನು ಮಲಗಿದ್ದೇನೆ, ನಿದ್ದೆ ಮಾಡಿಲ್ಲ. ಇವತ್ತು ಬಾವಿಗೆ ಇಳಿದ ಹಾಗೆ ಇಳಿದೆ.

ಎಚ್ಚರವಾದಾಗ ಯಾರೋ ತಟ್ಟುತ್ತಿದ್ದರು. ಬೆನ್ನ ಮೇಲೆ, ಎಡಭುಜದ ಕೆಳಗೆ, ಚಿಕ್ಕ ಕೈ. ಮಕ್ಕಳು ನನ್ನನ್ನು ಮಲಗಿಸುತ್ತಿದ್ದಾರೆಂದು ನಗು ಬಂತು. ಕಣ್ಣು ಬಿಟ್ಟೆ.

ಮಕ್ಕಳೆಲ್ಲ ನನ್ನ ಮುಂದೆ ಕೂತಿದ್ದರು. ತೋಂಟದಾರ್ಯ, ಆತಿಫ್, ಸುಮಯ್ಯ, ಉಳಿದವರು, ಒಬ್ಬರೂ ಬಿಡದೆ. ಎಲ್ಲರ ಕೈಯೂ ಅವರವರ ಮಡಿಲಲ್ಲಿತ್ತು. ನನ್ನ ಬೆನ್ನ ಹಿಂದೆ ಗೋಡೆ. ನಡುವೆ ಒಂದು ಅಂಗೈ ಹೋಗುವಷ್ಟು ಸಂದು.

ಕೈ ತಟ್ಟುತ್ತಲೇ ಇತ್ತು.

ನಾನು ತಿರುಗಲಿಲ್ಲ. ಮಕ್ಕಳು ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದರು. ಯಾರ ಮುಖದಲ್ಲೂ ಹೆದರಿಕೆ ಇರಲಿಲ್ಲ. ಕೈ ನಿಧಾನವಾಯಿತು. ತಟ್ಟುವವರಿಗೇ ನಿದ್ದೆ ಬಂದಾಗ ಆಗುತ್ತದಲ್ಲ, ಹಾಗೆ. ಒಂದು ತಟ್ಟು, ಬಿಡುವು, ಮತ್ತೊಂದು, ಇನ್ನೂ ದೊಡ್ಡ ಬಿಡುವು. ಆಮೇಲೆ ಕೈ ನನ್ನ ಬೆನ್ನ ಮೇಲೆ ಸುಮ್ಮನೆ ಇತ್ತು. ಬೆಚ್ಚಗಿತ್ತು. ಆಮೇಲೆ ಇರಲಿಲ್ಲ.

ಸುಮಯ್ಯ ಆಕಳಿಸಿದಳು. ಕೂತಲ್ಲೇ ಪಕ್ಕಕ್ಕೆ ಒರಗಿದಳು. ಅವಳ ಮೇಲೆ ಆತಿಫ್. ಒಬ್ಬೊಬ್ಬರಾಗಿ ಎಲ್ಲರೂ ಸಿಕ್ಕ ಸಿಕ್ಕಲ್ಲಿ ಉರುಳಿದರು. ತೋಂಟದಾರ್ಯ ಕೊನೆಗೆ ಮಲಗಿದ. ನನ್ನ ಸೆರಗಿನ ತುದಿ ಅವನ ಕೈಯಲ್ಲಿತ್ತು.

ಪುಟ್ಟಗಂಗಮ್ಮ ಪಾತ್ರೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಆತಿಫ್ ಗೊರಕೆ ಹೊಡೆಯುತ್ತಿದ್ದ. ತಾಯಂದಿರು ಕರೆಯಲು ಬಂದಾಗಲೂ ಒಬ್ಬರೂ ಎದ್ದಿರಲಿಲ್ಲ. ತಾಯಂದಿರು ಅಂಗಳದಲ್ಲಿ ಸಾಲಾಗಿ ನಿಂತು, ಸದ್ದು ಮಾಡದೆ ಕಾದರು.

28 ಜನವರಿ, ಮಂಗಳವಾರ

ಮಕ್ಕಳು ದಿನಾ ಮಲಗುತ್ತಿದ್ದಾರೆ. ಗೋಡೆಯ ಪಕ್ಕ ಈಗ ಸುಮಯ್ಯ ಮಲಗುತ್ತಾಳೆ. ಯಾರೂ ಎಳೆಯುವುದಿಲ್ಲ. ಬಿಟ್ಟುಹೋಗಿದ್ದ ಇಬ್ಬರೂ ವಾಪಸ್ ಬಂದಿದ್ದಾರೆ. ಸೌಮ್ಯಳ ಹಸಿರು ಫ್ರಾಕು ಸುಮಯ್ಯಳಿಗೆ ಸರಿಹೋಗುತ್ತದೆ. ಸ್ವಲ್ಪ ಉದ್ದ, ಮಡಿಚಿ ಹೊಲಿದು ಕೊಡಬೇಕು.

ಇವತ್ತು ತಿಪಟೂರಿನಲ್ಲಿ ಎಲ್ಲರೂ ತಮ್ಮ ತಮ್ಮ ಸಂಶೋಧನೆ ಹೇಳುವ ಸಭೆ. ನಮ್ಮ ಕೇಂದ್ರವನ್ನು ಸದ್ಯಕ್ಕೆ ಮುಚ್ಚುವುದಿಲ್ಲ ಎಂದು ರಹಮತುನ್ನೀಸಾ ಮೇಡಂ ಮೊದಲೇ ನನ್ನ ಕಿವಿಯಲ್ಲಿ ಹೇಳಿದ್ದರು. ಅದಕ್ಕೋ ಏನೋ, ಎಲ್ಲರ ಮುಂದೆ ನಿಂತು ಮಾತಾಡಲು ಹಿಂಜರಿಯಲಿಲ್ಲ. ಮೊದಲ ಬದಲಾವಣೆ ಅಟ್ಟ, ಎರಡನೆಯದು ಚಾಪೆ, ಮೂರನೆಯದು ತಟ್ಟುವುದನ್ನು ಬಿಟ್ಟದ್ದು, ಯಾವುದೂ ಆಗಲಿಲ್ಲ ಎಂದೆ. ಖಾಲಿ ಚಾಪೆಯನ್ನು ತಟ್ಟುತ್ತಿದ್ದವಳು ನಾನೇ ಎಂದೂ ಹೇಳಿದೆ.

ಹಾಗಾದರೆ ನಾಲ್ಕನೇ ಬದಲಾವಣೆ ಏನು ಮಾಡಿದಿರಿ ಎಂದು ಮೇಡಂ ಕೇಳಿದರು.

“ನಾನು ಮಲಗಿದೆ ಮೇಡಂ,” ಎಂದೆ.

ಎಲ್ಲರೂ ನಕ್ಕರು. ಅಂಕಮ್ಮನ ದನಿ ಎಲ್ಲಕ್ಕಿಂತ ಮೇಲೆ: “ನೋಡ್ರವ್ವ, ಗೌರವಧನ ತಗೊಂಡು ಗೊರಕೆ ಹೊಡೆದವ್ಳೆ.” ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೂ ನಗು ತಡೆಯಲಾಗಲಿಲ್ಲ.

ಮೇಡಂ ನಗು ನಿಲ್ಲುವವರೆಗೆ ಕಾದು ಹತ್ತಿರ ಬಂದರು. ದನಿ ತಗ್ಗಿಸಿ ಕೇಳಿದರು.

“ನಿಮ್ಮನ್ನ ಯಾರು ಮಲಗಿಸಿದ್ರು?”

“ಮಕ್ಕಳು ಮೇಡಂ.”

“ಎಲ್ಲಾ ಮಕ್ಕಳೂನಾ?”

“ಹೂಂ,” ಎಂದೆ. “ಎಲ್ಲಾ ಮಕ್ಕಳೂ.”